ಗುಜರಿಗೆ ಹಾಕದ ಲ್ಯಾಪ್‌ಟಾಪು

ಮನೆಯಿಂದ, ಕಿಟಕಿಯ ಪಕ್ಕ
ಒಂಬತ್ತನೇ ತಾರೀಖು, ಮಂಗಳವಾರ

ಬಾಯಿ ಜೋರಿನ ಮೊಮ್ಮಗಳೇ,

ಎರಡು ತಿಂಗಳಿಂದ ಒಂದು ಸಾಲು ಬರೆದಿಲ್ಲ. ಕೈಗೇನು ಬಂದಿದೆ ನಿನಗೆ? ದಿನವಿಡೀ ಬಿಸ್ಕತ್ತು ಪೊಟ್ಟಣ ಕಟ್ಟುವ ಕೈಗೆ ಒಂದು ಕಾಗದ ಮಡಿಸಲು ಬರುವುದಿಲ್ಲವೇ? ಇರಲಿ, ಬೈಗುಳ ಇನ್ನೂ ಬಾಕಿ ಇದೆ. ಮೊದಲು ಹೇಳು, ಆರೋಗ್ಯವಾಗಿದ್ದೀಯಾ? ಕಾರ್ಖಾನೆಯಲ್ಲಿ ನಿಂತು ನಿಂತು ಕಾಲು ಊದುತ್ತಿದೆ ಎಂದಿದ್ದೆಯಲ್ಲ, ಮಲಗುವಾಗ ದಿಂಬಿನ ಮೇಲೆ ಕಾಲಿಡು. ನನ್ನ ಮಂಡಿ ನನ್ನ ಮಾತು ಕೇಳುತ್ತಿಲ್ಲ. ನಾಲಿಗೆ ಚೆನ್ನಾಗಿದೆ.

ಫೋನಿನಲ್ಲಿ ನೀನು "ಅಜ್ಜೀ, ಅದು ಸತ್ತೋಯ್ತು, ಗುಜರಿಗೆ ಹಾಕ್ಬಿಡು. ಎಕ್ಸ್‌ರೇ ಕೋರ್ಸೂ ಬೇಡ, ಏನೂ ಬೇಡ" ಎಂದೆಯಲ್ಲ, ನೀನು ಇಲ್ಲೇ ಬಿಟ್ಟುಹೋದ ಆ ಲ್ಯಾಪ್‌ಟಾಪನ್ನು ನಾನು ಗುಜರಿಗೆ ಹಾಕಲಿಲ್ಲ. ಟವೆಲಿನಲ್ಲಿ ಸುತ್ತಿಕೊಂಡು ದೊಡ್ಡ ರಸ್ತೆಯ ಗಾಜಿನ ಅಂಗಡಿಗೆ ಹೋದೆ. ಟೈ ಕಟ್ಟಿದವನೊಬ್ಬ ಎರಡು ಗುಂಡಿ ಒತ್ತಿ ತಲೆಯಾಡಿಸಿದ. "ಎಲ್ಲಾ ತುಂಬಿಡೋ ಚಿಪ್ಪೇ ಹೋಗಿದೆ ಅಜ್ಜಿ. ಕಡಿಮೆ ಬೆಲೆ ಮಾಲು, ಕಂಪನಿಯವರೇ ಬೋರ್ಡಿಗೆ ಅಂಟಿಸ್ಬಿಟ್ಟಿರ್ತಾರೆ. ಹೊಸದು ತಗೊಳ್ಳಿ" ಎಂದ. "ಅಂಟಿಸಿದ್ದಾರೋ ಬೆಸೆದಿದ್ದಾರೋ, ನೆಟ್ಟಗೆ ಹೇಳಪ್ಪಾ" ಎಂದೆ. ಬೆಸೆದಿದ್ದಾರಂತೆ. ಹಾಗಾದರೆ ಬಿಡಿಸಬಹುದು ಎಂದು ಎದ್ದು ಬಂದೆ. ನಿನ್ನ ತಾತ ತೂತುಬಿದ್ದ ಪಾತ್ರೆ ಬೆಸೆಯುವಾಗ ಮೂವತ್ತು ವರ್ಷ ತಿದಿ ಒತ್ತಿದವಳು ನಾನು. ನನಗೇ ಬೆಸುಗೆಯ ಕಥೆ ಹೇಳುತ್ತಾನೆ!

ಬಸ್ ನಿಲ್ದಾಣದ ಹಿಂದೆ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಒಬ್ಬಳು ಮೊಬೈಲ್ ರಿಪೇರಿ ಮಾಡುತ್ತಾಳೆ. "ಮಾಡ್ತೀನಿ, ಬೋರ್ಡು ಸುಟ್ರೆ ಬೈಬೇಡಿ" ಎಂದಳು. "ಸುಟ್ರೂ ಬೈತೀನಿ, ಸುಡದಿದ್ರೂ ಬೈತೀನಿ, ಶುರು ಮಾಡು" ಎಂದೆ. ಬಿಸಿಗಾಳಿಯ ಕೊಳವೆ ಹಿಡಿದಳು. ಹೊಗೆ ಎದ್ದಿತು. ತಾತ ಬೆಸುಗೆಗೆ ಹಾಕುತ್ತಿದ್ದ ನವಸಾಗರದ ಹೊಗೆಯಲ್ಲ, ಅದರ ತಂಗಿಯಿರಬೇಕು. ಕಣ್ಣಲ್ಲಿ ನೀರು ಬಂತು, ಹೊಗೆಗೇ ಅಂದುಕೋ. ಉಗುರಿನಷ್ಟಗಲದ ಕಪ್ಪು ಚಿಪ್ಪು ಅದು. ಅವಳು ಚಿಮ್ಮಟ ಹಾಕಿದಳು. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಕಪಕ್ಕದ ಬೆಸುಗೆ ಇನ್ನೂ ಕರಗಿ ಹೊಳಪು ಬಂದಿಲ್ಲ. "ತಡಿಯೇ! ಈಗ ಕಿತ್ರೆ ತಳಾನೂ ಕಿತ್ಕೊಂಡು ಬರುತ್ತೆ" ಎಂದು ಕಿರುಚಿದೆ. ಮೆಲ್ಲಗೆ ತಟ್ಟಿ ನೋಡಿದಳು, ಅಲುಗಲಿಲ್ಲ. ಕಾದಳು. ಆಮೇಲೆ ತಾನಾಗಿ ಬಿಟ್ಟುಕೊಂಡಿತು. ಕೆಳಗೆ ಗಸಗಸೆಯಂಥ ಬೆಸುಗೆ ಚುಕ್ಕೆಗಳು! ಅವನ್ನೆಲ್ಲ ಒರೆಸಿ ಹೊಸ ಚಿಪ್ಪು ಕೂರಿಸಿದಳು. ಹಳೆಯದರ ನಾಲ್ಕು ಪಟ್ಟು ಹಿಡಿಸುತ್ತದಂತೆ. ನಾನು ಹಳೇ ಅಭ್ಯಾಸದಲ್ಲಿ ಆರಲಿ ಎಂದು ಉಫ್ ಅಂದೆ. "ಊದ್ಬೇಡಿ ಅಜ್ಜೀ, ಅಲುಗಿದ್ರೆ ಮುಗೀತು!" ಎಂದು ಗದರಿದಳು. ಬಾಯಿಗೆ ಕೈ ಅಡ್ಡ ಹಿಡಿದು ಕೂತೆ. ನನ್ನ ಬಾಯಿ ಮುಚ್ಚಿಸಿದ ಮೊದಲ ಹೆಂಗಸು ಕಣೇ ಅವಳು.

ಗುಂಡಿ ಒತ್ತಿದಳು, ಹತ್ತಿಕೊಂಡಿತು. ವಾಪಸು ಬರುವಾಗ ಬೇಕೆಂದೇ ಗಾಜಿನ ಅಂಗಡಿ ಮುಂದೆ ಹಾದು, ಟೈ ಕಟ್ಟಿದವನಿಗೆ ಬೆಳಗುವ ಪರದೆ ತೋರಿಸಿ ಬಂದೆ.

ಚೆನ್ನಾಗಿ ತಿನ್ನು. ನೂರು ಕಾಲ ಬಾಳು, ನನಗೆ ಎದುರುತ್ತರ ಕೊಡುತ್ತಲೇ ಬಾಳು.

ನಿನ್ನ
ಅಜ್ಜಿ

ಬರೆಯಲು ಮರೆತೆ. ಹಳೇ ಚಿಪ್ಪು ಪೂರ್ತಿ ಸತ್ತಿರಲಿಲ್ಲವಂತೆ, ಅದರಲ್ಲಿದ್ದುದನ್ನೆಲ್ಲ ಅವಳು ಕೂರಿಸುವ ಮೊದಲೇ ಹೊಸದಕ್ಕೆ ಹಾಕಿಕೊಟ್ಟಿದ್ದಾಳೆ. ಅದರಲ್ಲಿ ನಿನ್ನ ಎಕ್ಸ್‌ರೇ ಕೋರ್ಸಿನ ಅರ್ಜಿ ಅರ್ಧ ತುಂಬಿ ಬಿಟ್ಟಿದ್ದೀಯ. ಈ ತಿಂಗಳ ಮೂವತ್ತೇ ಕೊನೇ ದಿನವೆಂದು ಓದಿ ಹೇಳಿದಳು. ಲ್ಯಾಪ್‌ಟಾಪನ್ನು ಇವತ್ತೇ ಪಾರ್ಸೆಲ್ ಮಾಡಿದ್ದೇನೆ. ಓದುವ ಮನಸ್ಸಿಲ್ಲದಿದ್ದರೆ ನಿನ್ನ ಬಾಯಲ್ಲೇ ಹೇಳು, ಇನ್ನು ತಪ್ಪನ್ನು ಲ್ಯಾಪ್‌ಟಾಪಿನ ಮೇಲೆ ಹಾಕಬೇಡ. ಅದು ಕೆಟ್ಟಿಲ್ಲ. ಅರ್ಜಿ ಹಾಕಿದೆಯೋ ಇಲ್ಲವೋ, ಮುಂದಿನ ತಿಂಗಳು ಹುಟ್ಟುವ ಮೊದಲು ನನಗೆ ಉತ್ತರ ಬರೆ.