ಟವಲ್ ಹಾಕಿದ ಸೀಟು

ಜುಲೈ ೮, ಮಂಗಳವಾರ

ಸೈಕಾಲಜಿ ಕ್ಲಾಸಲ್ಲಿ ಕುರ್ಚಿಗಳನ್ನೇ ಬಸ್ಸು ಮಾಡಿ, ಟವಲ್ ಹಾಕಿ ಹಿಡಿದ ಸೀಟಲ್ಲಿ ಬೇರೆಯವರು ಕೂರುವ ಪ್ರಯೋಗ ನಡೆಸಿದಾಗ, ಟವಲ್ ತೆಗೆದವರ ಮೇಲೆ ಎಲ್ಲರೂ ಜಗಳಕ್ಕೇ ಬಿದ್ದಿದ್ದರು. ನಿಜವಾದ ಬಸ್ಸಲ್ಲಿ ಏನಾಗುತ್ತೆ? ಇವತ್ತು ಹಂಗಳ ಸ್ಟಾಪಲ್ಲಿ ಬಸ್ ಹತ್ತಿ, ಕಿಟಕಿಯಿಂದ ಯಾರೋ ಸೀಟಿಗೆ ಹಾಕಿದ್ದ ಟವಲ್ ಸರಿಸಿ ನಾನೇ ಕೂತೆ.

ಟವಲ್ ಹಾಕಿದ್ದ ಅಜ್ಜಿ ಹತ್ತಿ ಬಂತು. ಬೈಯಲಿಲ್ಲ. ನನ್ನ ಹಣೆ ಮುಟ್ಟಿ, "ಜರ ಬಂದದೇನವ್ವ? ಕುಂತ್ಕೊ ಬುಡು" ಅಂದು ಗುಂಡ್ಲುಪೇಟೆವರೆಗೂ ನಿಂತೇ ಬಂತು.

ಯಾಕೆ? ನಾನು ಹುಡುಗಿ ಅಂತಲೋ, ಸುತ್ತ ಜನ ನೋಡ್ತಿದ್ದರು ಅಂತಲೋ? ನಾಳೆ ನಮ್ಮ ಕ್ಲಾಸಿನ ಮಾದೇಶನನ್ನು ಕೂರಿಸಿ ನೋಡಬೇಕು.

ಅದಿರಲಿ. ಜ್ವರ ಹೌದು ಅಂತ ನಾನು ತಲೆಯಾಡಿಸಿದ್ದು ಯಾಕೆ? ಪ್ರಯೋಗದಲ್ಲಿ ಅದು ಇರಲೇ ಇಲ್ಲ. ಆ ಕೈ ಇನ್ನೊಂಚೂರು ಹೊತ್ತು ಹಣೆ ಮೇಲಿರಲಿ ಅಂತಲಾ…