ಎಡಗಿವಿಯ ಮಡಿಕೆ

ರಾಯಚೂರು, ೧೨-೮-೧೯೭೮

ಅವ್ವನ ಪಾದಗಳಿಗೆ ನಮಸ್ಕಾರ.

ನನ್ನ ಮೊದಲ ಮೂವರೂ ನಮ್ಮೂರು ಗೂಗಲ್ಲಿನ ಮನೆಯಲ್ಲಿ ನಿನ್ನ ಕೈಯಲ್ಲೇ ಹುಟ್ಟಿದರು. ನಾಲ್ಕನೆಯದು ಅಡ್ಡ ತಿರುಗಿದೆಯೆಂದು ಆಸ್ಪತ್ರೆಯಲ್ಲಿ ಮದ್ದು ಕೊಟ್ಟು ಮಲಗಿಸಿ ಹೊಟ್ಟೆ ಕೊಯ್ದರು. ನನ್ನ ಹೊಟ್ಟೆಯನ್ನು, ಅವ್ವ.

ಎಚ್ಚರವಾದಾಗ ಮಗ್ಗುಲಲ್ಲಿ ಗಂಡುಕೂಸು ಮಲಗಿತ್ತು. “ನಿಂದೇ ಅದ, ತಗೋ ಯವ್ವಾ,” ಎಂದಳು ನರ್ಸು. ಆ ಮೂವರ ಮೊದಲ ಅಳು ಕೇಳಿದ್ದೆ, ಇದರದು ಕೇಳಲಿಲ್ಲ. ಎದೆಗೆ ಹಾಲು ಬಂದಿದೆ, ಮನಸ್ಸಿಗೆ ನಂಬಿಕೆ ಬಂದಿಲ್ಲ. ನಿನ್ನ ಅಳಿಯನಿಗೆ ಇದನ್ನು ಹೇಳಿಲ್ಲ.

ಬೆಳಗಿನ ದೇವದುರ್ಗ ಬಸ್ಸಿಗೆ ಬಾ. ಹೊಟ್ಟೆಗೆ ಕಟ್ಟುವ ಸೀರೆ ತರಬೇಡ, ಹೊಲಿಗೆಗಳಿವೆ. ಅಪ್ಪನ ಎಡಗಿವಿಯ ಮಡಿಕೆ ನನ್ನ ಮೂವರಿಗೂ ಬಂದಿದೆ. ಇದರ ಕಿವಿಯನ್ನು ನೀನೇ ನೋಡಿ ಹೇಳು. ಮೂರು ದಿನವಾಯಿತು, ಕೂಸಿನ ಕಿವಿ ಮುಚ್ಚಿದ ಕುಲಾಯಿ ಸರಿಸಲು ನನಗೆ ಕೈ ಏಳುತ್ತಿಲ್ಲ.

ನಿನ್ನ ಮಗಳು,
ಯಮನಮ್ಮ