ನನ್ನ ಸೊಸಿಯ ಅಣುಶಕ್ತಿ

ಶಿಗ್ಲಿ
ಗುರುವಾರ, ೧೨ ಜೂನ್ ೨೦೨೫

ನನ್ನವ್ವಾ ವಿದ್ಯಾಶ್ರೀ,

ಹೆಂಗದೀಯವಾ? ಐದನೇ ತಿಂಗಳದಾಗ ಬಿದ್ದೈತಿ, ಇನ್ನರೆ ವಾಂತಿ ನಿಂತಾವಿಲ್ಲೋ? ಮುಂಜಾನೆ ಖಾಲಿ ಹೊಟ್ಟೀಲೆ ಚಾ ಕುಡಿಬ್ಯಾಡ ಅಂದಿದ್ದೆ, ಕುಡಿಯಾಕ ಹತ್ತಿರ್ತಿ, ನನಗ ಗೊತ್ತೈತಿ. ಪರಶುರಾಮಗ ಹೇಳು, ಬಸುರಿ ಹೆಂಡ್ತಿ ಕೈಯಾಗಿನ ನೀರಿನ ಬಕೀಟು ಇಸ್ಕೊಂಡ್ರ ಗಂಡಸಿನ ಮೀಸಿ ಉದುರೂದಿಲ್ಲ ಅಂತ. ಇಲ್ಲಿ ನಾವು ಆರಾಮ ಅದೀವಿ. ಮಳಿ ಚಲೋ ಆಗೈತಿ, ಹೆಸರು ಬಿತ್ತಿದ್ದೂ ಆತು. ನಿಮ್ಮ ಮಾವನ ಕೆಮ್ಮು ಪೂರಾ ಹೋಗೈತಿ. ಅಷ್ಟು ವರ್ಷ ಡೀಸೆಲ್ ಟಂಟಂ ರಿಕ್ಷಾ ಹೊಡದು ಹೊಗಿ ಕುಡದ ಎದಿ ಅದು. ನೀ ಹಟ ಹಿಡದು ಬ್ಯಾಟರಿ ಗಾಡಿ ತಗೋಳಾಕ ಹಚ್ಚಿದಿ, ಈಗ ಅವರಿಗೂ ನಿದ್ದಿ, ನನಗೂ ನಿದ್ದಿ. ನಿನ್ನ ಹೊಟ್ಟಿ ತಣ್ಣಗಿರಲಿ.

ಫೋನ್ ಬಿಟ್ಟು ಕಾಗದ ಯಾಕ ಅಂತಿ? ಸೋಮವಾರ ಫೋನಿನ್ಯಾಗ ನೀ ‘ಹೂಂ ಅನ್ರಿ ಅತ್ತೀ, ಕೆಲಸ ಬಿಟ್ಟು ಊರಿಗೆ ಬಂದುಬಿಡ್ತೀನಿ’ ಅಂದಿ. ನಾ ಬಾಯಿ ತಗಿಯೂದರಾಗ ನಿಮ್ಮ ಮಾವ ಫೋನ್ ಕಸಗೊಂಡು ‘ಹಂಗ ಮಾಡವಾ’ ಅಂದ್ರು. ಅವರ ಮುಂದ ನನ್ನ ಮಾತು ಯಾವತ್ತ ಪೂರಾ ಆಗೈತಿ ಹೇಳು. ಕಾಗದದಾಗ ಯಾರೂ ನಡುವ ಬಾಯಿ ಹಾಕೂದಿಲ್ಲ. ಅದಕ್ಕ ಇಲ್ಲಿ ನಡದದ್ದೆಲ್ಲಾ ಮೊದಲಿಂದ ಬರೀತೀನಿ, ಓದಿ ಆಮ್ಯಾಲ ರಾಜೀನಾಮಿ ವಿಚಾರ ಮಾಡು.

ಇದಕ್ಕೆಲ್ಲಾ ಬುಡ ನಾ ಕೇಳಿದ ಪ್ರಶ್ನೆ. ಯುಗಾದಿಗೆ ಬಂದಾಗ ಇಬ್ಬರೂ ಕಟ್ಟಿ ಮ್ಯಾಲ ಕುಂತು ಅಕ್ಕಿ ಆರಸ್ತಿದ್ವೆಲ್ಲ, ಆಗ ಕೇಳಿದೆ: ನಿಮ್ಮ ಕೈಗಾದಾಗಿನ ಅಣು ಬೆಂಕಿ ಅಷ್ಟು ಜೋರ ಇದ್ರ, ಅದರಾಗಿಂದ ಚಿಟಿಕಿಯಷ್ಟು ಕಾರಿನ್ಯಾಗ ಹಾಕಿದ್ರ ಅದು ಆಯುಷ್ಯಪೂರ್ತಿ ಓಡೂದಿಲ್ಲೇನು? ಬ್ಯಾರೇದವರಾಗಿದ್ರ ಬಿದ್ದು ಬಿದ್ದು ನಗತಿದ್ರು. ಅಪ್ಪ, ಗಂಡ, ಮಗ, ಯಾರಿಗೆ ಏನ ಕೇಳಿದ್ರೂ ‘ನಿನಗ್ಯಾಕ ಬೇಕು ಅದು’ ಅನ್ನೋರ. ನೀ ಅಕ್ಕಿ ಮೊರ ಬದಿಗಿಟ್ಟು ನನ್ನ ಕಡೆ ತಿರಿಗಿ ಕುಂತು ಹೇಳಿದಿ. ಬೆಂಕಿ ಸಣ್ಣದಿದ್ರೂ ಕಣ್ಣಿಗೆ ಕಾಣದ ಕಿರಣ ಬರತಾವ, ಅವನ್ನ ತಡಿಯಾಕ ಸುತ್ತ ಸೀಸ, ನೀರು, ಭಾಳ ದಪ್ಪನ ಕಾಂಕ್ರೀಟ್ ಗ್ವಾಡಿ ಬೇಕು. ಸಮುದ್ರದಾಗಿನ ದೊಡ್ಡ ಹಡಗು ಆ ಭಾರ ಹೊರತಾವ, ಕಾರಿಗೆ ಹೊರಾಕ ಆಗೂದಿಲ್ಲ. ಹೊತ್ತರೂ ಲಕ್ಷ್ಮೇಶ್ವರ ರಸ್ತೆದಾಗ ಮೇವಿನ ಟ್ರ್ಯಾಕ್ಟರ್ ಬಂದು ಗುದ್ದಿದ್ರ ಏನ್ ಗತಿ ಅತ್ತೀ ಅಂದಿ. ಕಡೀಕ, ನಮ್ಮ ಕರೆಂಟು ತಂತ್ಯಾಗ ಬಂದು ಗದಗಿನ ಗುಡ್ಡದ ಮ್ಯಾಲಿನ ಗಾಳಿ ಪಂಖಾದ ಕರೆಂಟಿನ ಸಂಗಾಟ ಕೂಡತೈತಿ, ನಿಮ್ಮ ಬ್ಯಾಟರಿಗೂ ಒಂದೀಟು ಬಂದಿರತೈತಿ, ಹಂಗ ನೋಡಿದ್ರ ಮಾವನ ಗಾಡಿ ಈಗ್ಲೇ ಅಣುವಿನ ಮ್ಯಾಲ ಓಡತೈತಿ ಅಂದಿ. ಖರೆ ಹೇಳತೀನಿ, ಅವತ್ತು ನನ್ನ ಎದಿ ತುಂಬಿ ಬಂದಿತ್ತು. ಅರವತ್ತು ದಾಟಿದ ಮ್ಯಾಲ ನನ್ನ ಪ್ರಶ್ನೆಗೆ ಒಬ್ಬರು ಪೂರಾ ಉತ್ತರ ಕೊಟ್ರು.

ಆದ್ರ ನಿಮ್ಮ ಮಾವ ಆ ಕಡೀ ಮಾತಷ್ಟ ಕೇಳಿಸ್ಕೊಂಡಿದ್ರು ನೋಡು. ಮಂದಿ ಗಾಡಿ ಹಿಂದ ‘ತಾಯಿಯ ಆಶೀರ್ವಾದ’ ಅಂತ ಇರತೈತಿ. ಇವರು ಪೇಂಟರ್ ದಸ್ತಗೀರಸಾಬನ ಕಡೆ ಹೋಗಿ ಕೆಂಪು ಬಣ್ಣದಾಗ ‘ನನ್ನ ಸೊಸಿಯ ಅಣುಶಕ್ತಿ’ ಅಂತ ಬರಿಸಿಕೊಂಡು ಬಂದ್ರು! ಮೀಸಿ ತಿರುವಿದ್ದ ತಿರುವಿದ್ದು. ವಾರ ತುಂಬೂದರಾಗ ಗಾಡಿ ಖಾಲಿ. ಬಾಜೂ ಮನಿ ಸುಮಿತ್ರವ್ವ ಬಸುರಿ ಮಗಳನ್ನ ದವಾಖಾನಿಗೆ ಕರಕೊಂಡು ಹೊಂಟಾಕಿ, ಯಾರೋ ಅದನ್ನ ಓದಿ ಹೇಳಿದ ಕೂಡಲೇ, ಬಸುರಿಗೆ ಅಣು ತಾಗತೈತಿ ಅಂತ ಅಂಜಿ ಮಗಳ ಕೈ ಹಿಡದು ಇಳದುಬಿಟ್ಲು. ಉಳದೋರೂ ಇಳದ್ರು.

ನನಗ ಸಿಟ್ಟು ನೆತ್ತಿಗೇರಿತು. ಗಾಡಿ ನಿಲ್ಲೂ ಕಡೆ ಹೋಗಿ ಎಲ್ಲಾರ ಮುಂದ ಕೇಳಿದೆ, ಒಲಿ ಅಲ್ಲಿ ಕೈಗಾದಾಗೈತಿ, ರೊಟ್ಟಿ ಇಲ್ಲಿಗೆ ಬಂದೈತಿ, ರೊಟ್ಟಿ ತಿಂದೋರ ಕಣ್ಣಿಗೆ ಹೊಗಿ ಹೊಕ್ಕತೈತೇನ್ರವಾ ಅಂತ. ಮಂದಿ ನಕ್ಕರು. ಅಷ್ಟರಾಗ ನಿಮ್ಮ ಮಾವ ಅಂಜಿ ಅಕ್ಷರ ಅಳಿಸ್ಕೊಂಡು ಬರಾಕ ಹೋಗಿದ್ರು. ದಸ್ತಗೀರಸಾಬ ‘ಸೊಸಿ ಹೆಸರಲೆ ಬರದದ್ದು, ಅಳಿಸಾಕ ನನ್ನ ಕೈ ಏಳೂದಿಲ್ಲ ಕಾಕಾ’ ಅಂದನಂತ. ನನ್ನ ಮಾತು ಅವನ ಕಿವಿಗೂ ಬಿದ್ದಿತ್ತು, ಕೆಳಗ ‘ಒಲಿ ಅಲ್ಲಿ, ರೊಟ್ಟಿ ಇಲ್ಲಿ’ ಅಂತ ಬರದು ಕಳಿಸಿದ. ಈಗ ಮಂದಿ ಅದನ್ನ ಓದಿ ನಕ್ಕೋಂತ ಗಾಡಿ ಹತ್ತತಾರ. ಸುಮಿತ್ರವ್ವ ಮಾತ್ರ ನಗಲಿಲ್ಲ. ‘ಆತವಾ, ರೊಟ್ಟಿಗೆ ಹೊಗಿ ಇಲ್ಲ. ನಿನ್ನ ಸೊಸಿ ಒಲಿ ಮುಂದನ ಕುಂತಾಳಲ್ಲ, ಅದೂ ಬಸುರಿ?’ ಅಂದ್ಲು. ಕುಚೋದ್ಯ ಅಲ್ಲ, ನಿನ್ನ ಮ್ಯಾಲಿನ ಕಾಳಜಿಗೆ ಅಂದ ಮಾತು.

ಆ ಮಾತು ನಿಮ್ಮ ಮಾವನ ಎದ್ಯಾಗ ಕುಂತೈತಿ, ಅದಕ್ಕ ಕೆಲಸ ಬಿಡು ಅಂದದ್ದು. ತಪ್ಪ ತಿಳಕೋಬ್ಯಾಡ. ನಾನೂ ಅಂಜಿದ್ದೆ, ಸುಳ್ಳ ಯಾಕ ಹೇಳಲಿ. ಸೋಮವಾರ ಫೋನಿನ್ಯಾಗ ಮೊದಲ ಅದನ್ನ ನಿನಗ ಕೇಳಿದೆ. ನೀ ಸಿಟ್ಟಾಗಲಿಲ್ಲ. ಎದಿ ಮ್ಯಾಲ ಒಂದು ಬಿಲ್ಲೆ ಇರತೈತಿ, ಎಷ್ಟು ಕಿರಣ ತಾಗೈತಿ ಅಂತ ಅದರಾಗ ಗೊತ್ತಾಗತೈತಿ ಅಂದಿ. ಬಸುರಿ ಅಂತ ತಿಳಿಸಿದ ಕೂಡಲೇ ಒಳಗಿನ ಕೆಲಸ ಬಿಡಿಸಿ ಹೊರಗಿನ ಆಫೀಸಿನ್ಯಾಗ ಕುಂಡ್ರಿಸ್ಯಾರ ಅಂದಿ. ನನಗ ಅರ್ಥ ಆತು, ನಂಬಿಗಿನೂ ಬಂತು. ಆಮ್ಯಾಲ ‘ಬಾಣಂತನಕ್ಕ ಇಲ್ಲಿ ನನಗ ಯಾರದಾರ’ ಅಂತ ಸಣ್ಣ ದನಿಯಾಗ ಬಿಟ್ಟು ಬರತೀನಿ ಅಂದಿ ನೋಡು, ಅದು ನನಗ ತಡಕೊಳ್ಳಾಕ ಆಗವಲ್ದು. ಈ ಕೆಲಸ ಸಿಕ್ಕ ಖಬರ ಬಂದ ದಿನ ನೀ ಸೀರಿ ಸೆರಗು ಕಟ್ಟಿ ಪಡಸಾಲ್ಯಾಗ ಕುಣದಾಕಿ.

ಸುಮಿತ್ರವ್ವ ನಿನ್ನ ಕೇಳ್ಯಾಳ. ನಿಮ್ಮ ಮಾವನ ಆಶೀರ್ವಾದ ನಿಮ್ಮಿಬ್ಬರಿಗೂ. ಹೊಟ್ಟ್ಯಾಗಿನ ಕೂಸಿಗೆ ನನ್ನದೊಂದು ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಋಣದಾಗಿರೂ ಅತ್ತಿ,
ಅಮೃತವ್ವ

ತಾ.ಕ.: ಟಪಾಲ ಒಯ್ಯಾವ ಬಂದು ನಿಂತಾನ, ಜಲ್ದಿ ಬರೀತೀನಿ. ರಾಜೀನಾಮಿ ಕೊಡಬ್ಯಾಡ. ಮೊದಲ ಹೆರಿಗಿ ತವರಮನ್ಯಾಗ ಆಗಬೇಕು ಅಂತ ನಮ್ಮ ರೂಢಿ. ನಿಮ್ಮವ್ವ ಇದ್ದಿದ್ರ ಬಂದು ಕರಕೊಂಡು ಹೋಗತಿದ್ಲು. ಆಕಿ ಇಲ್ಲ, ನಾ ಅದೀನಿ. ನೀ ಎಲ್ಲಿಗೂ ಬರೂದು ಬ್ಯಾಡ, ತವರಮನೀನ ನಿನ್ನ ಕಡೆ ಬರತೈತಿ. ಹಸರ ಸೀರಿ, ಹಸರ ಬಳಿ ಗಂಟು ಕಟ್ಟಿಟ್ಟೀನಿ, ಸೀಮಂತದ ಕುಬಸ ಅಲ್ಲೇ ಮಾಡೂಣು. ಬಾಣಂತನಾ ನಂದು, ನೀ ಮತ್ತ ಡ್ಯೂಟಿಗೆ ಹೋದ್ರ ಕೂಸೂ ನಂದು. ಮಣ್ಣೆತ್ತಿನ ಅಮಾಸಿ ಮುಗಿಸಿ ಕಾರವಾರದ ಬಸ್ ಹತ್ತತೀನಿ. ನಿಮ್ಮ ಮಾವಗ ಇನ್ನೂ ಹೇಳಿಲ್ಲ. ನೀನೂ ಹೇಳಬ್ಯಾಡ, ಬಸ್ಸಿನ್ಯಾಗ ಕುಂತ ಮ್ಯಾಲ ನಾನ ಫೋನ್ ಮಾಡಿ ಹೇಳತೀನಿ.